ಟೇಲ್‌ಎಂಡಿನ ಲೆಕ್ಕ

ಹೋದ ಯುಗಾದಿಗೆ ಊರಿಗೆ ಹೋಗಿದ್ದಾಗ ಪಕ್ಕದ ಮನೆ ಕಾಕಾ ಒಂದು ದೊಡ್ಡ ಪ್ಲಾಸ್ಟಿಕ್ ಕವರು ಹಿಡಿದುಕೊಂಡು ಬಂದರು. ಒಳಗೆ ಎಂಆರ್‌ಐ ಫಿಲ್ಮು. "ನೀ ನರದ ಡಾಕ್ಟರ್ ಅದಿ ಅಂತ ನಿಮ್ಮಪ್ಪ ಹೇಳ್ಯಾನ. ಬಲಗೈ ಜೋಮು ಹಿಡೀತದ. ಸ್ವಲ್ಪ ನೋಡವ್ವಾ" ಅಂದರು. ನೋಡುವುದಿಲ್ಲ ಅನ್ನಲು ಬಾಯಿ ಬರಲಿಲ್ಲ. ಫಿಲ್ಮನ್ನು ಅಂಗಳದ ಬಿಸಿಲಿಗೆ ಹಿಡಿದೆ. ಕುತ್ತಿಗೆಯ ಎಲುಬುಗಳು ಕಂಡವು, ಅದಕ್ಕಿಂತ ಹೆಚ್ಚೇನೂ ನನಗೆ ತಿಳಿಯಲಿಲ್ಲ. ನಾನು ಆ ಡಾಕ್ಟರ್ ಅಲ್ಲ, ನರಗಳ ಮೇಲೆ ಲೆಕ್ಕ ಮಾಡುವವಳು ಅಂತ ಬಿಡಿಸಿ ಹೇಳಿದೆ. ಕಾಕಾ ಕವರಿಗೆ ಫಿಲ್ಮು ತುರುಕುತ್ತಾ ಕೇಳಿದರು: "ಲೆಕ್ಕ ಮಾಡಿದ್ರ ಕಡಿಮಿ ಆಗ್ತದೇನು?"

ಆಗುವುದಿಲ್ಲ. ಆಗಬಹುದು ಅಂತ ಅನುದಾನದ ಅರ್ಜಿಗಳಲ್ಲಿ ಬರೆಯುತ್ತೇವೆ, ಆ ಮಾತು ಬೇರೆ.

ನನ್ನ ವಿಷಯಕ್ಕೆ ಕನ್ನಡದಲ್ಲಿ ಗಣಕೀಯ ನರವಿಜ್ಞಾನ ಅನ್ನಬಹುದು. ಹಾಗೆ ಅಂದರೆ ನಮ್ಮೂರಲ್ಲಿ ಯಾರಿಗೂ ತಿಳಿಯುವುದಿಲ್ಲ, ಬೆಂಗಳೂರಲ್ಲೂ ಬಹಳ ಜನಕ್ಕೆ ತಿಳಿಯುವುದಿಲ್ಲ. ಇಂಗ್ಲಿಷಿನಲ್ಲೂ ಈ ಹೆಸರು ಹಳೆಯದೇನಲ್ಲ. 1985ರಲ್ಲಿ ಕ್ಯಾಲಿಫೋರ್ನಿಯಾದ ಕಾರ್ಮೆಲ್‌ನಲ್ಲಿ ಎರಿಕ್ ಶ್ವಾರ್ಟ್ಸ್ ಒಂದು ಸಮ್ಮೇಳನ ಕರೆದಾಗ ಚಾಲ್ತಿಗೆ ಬಂದದ್ದು. ಕೆಲಸ ಮಾತ್ರ ಅದಕ್ಕಿಂತ ಹಿಂದಿನದು. ನರಕೋಶವನ್ನು ಸಮೀಕರಣವಾಗಿ ಬರೆದು, ಕಂಪ್ಯೂಟರಿನಲ್ಲಿ ಓಡಿಸಿ, ನಿಜವಾದ ನರಕೋಶ ಮಾಡುವುದನ್ನೇ ಅದು ಮಾಡುತ್ತದೆಯೇ ನೋಡುವುದು. ಮಾಡದಿದ್ದರೆ ಯಾಕೆ ಮಾಡಲಿಲ್ಲ ಅಂತ ವರ್ಷಗಟ್ಟಲೆ ತಲೆ ಕೆಡಿಸಿಕೊಳ್ಳುವುದು. ಕೆಲಸದ ಬಹುಪಾಲು ಈ ಎರಡನೆಯದೇ.

ಅಪ್ಪ ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದ. ನಮ್ಮೂರು ಮಾನ್ವಿ ಕಡೆ, ಅಂದರೆ ಕೆಳಭಾಗ, ಕಾಲುವೆಯ ಟೇಲ್‌ಎಂಡು. ಮುನಿರಾಬಾದಿನಿಂದ ಹೊರಟ ಕಾಲುವೆ 227 ಕಿಲೋಮೀಟರ್ ಹರಿಯಬೇಕು. ಹರಿಯುತ್ತದೆ ಅಂತ ನಕಾಶೆಯಲ್ಲಿದೆ. ಈ ಭಾಗದಲ್ಲಿ ಈಗಲೂ ಕಾಲುವೆಯ ಲೆಕ್ಕ ಮೈಲಿನಲ್ಲೇ. 69ನೇ ಮೈಲ್, 104ನೇ ಮೈಲ್ ಅಂದರೆ ರೈತರಿಗೆ ಅವು ಜಾಗದ ಹೆಸರುಗಳಿದ್ದಂತೆ. "104ನೇ ಮೈಲ್‌ನಾಗ ಗೇಜ್ ಎಷ್ಟದ?" ಅನ್ನುವ ಪ್ರಶ್ನೆಗೆ ಬಂದ ಉತ್ತರದ ಮೇಲೆ ಹಿಂಗಾರಿನಲ್ಲಿ ಮದುವೆ ಮುಂದಕ್ಕೆ ಹೋದದ್ದನ್ನು ನಾನು ಕಂಡಿದ್ದೇನೆ. ಕಾಲುವೆ ಕಟ್ಟಿದಾಗ ಹತ್ತಿ, ಜೋಳ, ಶೇಂಗಾದಂಥ ಲಘು ನೀರಾವರಿ ಬೆಳೆಗಳ ಲೆಕ್ಕ ಹಿಡಿದಿದ್ದರು. ಗಂಗಾವತಿ, ಸಿಂಧನೂರು ಕಡೆ ಭತ್ತ ಬಂತು. ಭತ್ತದ ಗದ್ದೆಗೆ ನೀರು ನಿಲ್ಲಬೇಕು. ಅಲ್ಲಿ ನಿಂತದ್ದು ಇಲ್ಲಿಗೆ ಬರುವುದಿಲ್ಲ.

ಅಪ್ಪನ ಕೆಲಸದಲ್ಲಿ ನನಗೆ ಗೊತ್ತಿದ್ದದ್ದು ಗೇಜ್ ಪುಸ್ತಕ ಒಂದೇ. ಉದ್ದನೆಯ, ಮೂಲೆ ಮಡಚಿದ ರಿಜಿಸ್ಟರು. ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ಆರಕ್ಕೆ ತೂಬಿನ ಹತ್ತಿರ ಹೋಗಿ, ಗೋಡೆಗೆ ಬಡಿದ ಬಿಳಿ-ಕಪ್ಪು ಪಟ್ಟಿಯಲ್ಲಿ ನೀರು ಎಲ್ಲಿದೆ ನೋಡಿ ಬರೆಯಬೇಕು. ಗಾಳಿ ಇದ್ದ ದಿನ ನೀರು ಅಲುಗುತ್ತದೆ. ಆಗ ಮೂರು ಸಲ ನೋಡಿ ಮಧ್ಯದ್ದನ್ನು ಬರೆಯುತ್ತಿದ್ದ. ಅದಕ್ಕೆ ಮೀಡಿಯನ್ ಅನ್ನುತ್ತಾರೆ ಅಂತ ನನಗೆ ತಿಳಿದದ್ದು ಹತ್ತು ವರ್ಷ ಆದಮೇಲೆ. ಅಪ್ಪನಿಗೆ ಕಣ್ಣು ಮಂಜಾದ ಮೇಲೆ ರಜೆಯಲ್ಲಿ ನಾನೇ ಓದಿ ಹೇಳುತ್ತಿದ್ದೆ, ಅವನು ಬರೆಯುತ್ತಿದ್ದ.

ರಾಯಚೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿದೆ. ಐದನೇ ಸೆಮಿಸ್ಟರಿನಲ್ಲಿ ಟ್ರಾನ್ಸ್‌ಮಿಷನ್ ಲೈನ್ ಪಾಠ. ಉದ್ದನೆಯ ತಂತಿಯ ಒಂದು ತುದಿಗೆ ಕೊಟ್ಟ ವೋಲ್ಟೇಜು ಹೋಗ್ತಾ ಹೋಗ್ತಾ ಹೇಗೆ ಸೋರುತ್ತದೆ ಅನ್ನುವ ಲೆಕ್ಕ. ಸಮುದ್ರದ ತಳದಲ್ಲಿ ಟೆಲಿಗ್ರಾಫ್ ಕೇಬಲ್ ಹಾಕುವ ಕಾಲದಲ್ಲಿ, 1855ರಲ್ಲಿ, ಮುಂದೆ ಲಾರ್ಡ್ ಕೆಲ್ವಿನ್ ಆದ ವಿಲಿಯಂ ಥಾಮ್ಸನ್ ಹಾಕಿದ ಲೆಕ್ಕದ ಸಂತತಿ ಅದು. ಪಾಠ ಮಾಡಿದವರು ಬೋರ್ಡಿನ ಕಡೆ ಮುಖ ಮಾಡಿಯೇ ಸೆಮಿಸ್ಟರ್ ಮುಗಿಸಿದರು. ನನಗೆ ಮಾತ್ರ ಇದು ನಮ್ಮ ಕಾಲುವೆಯ ಲೆಕ್ಕ ಅಂತ ಹೊಳೆದು, ರಾತ್ರಿ ಹಾಸ್ಟೆಲಿನಲ್ಲಿ ನಿದ್ದೆ ಬರಲಿಲ್ಲ. ಲೈಬ್ರರಿಯಲ್ಲಿ ಬಯೋಮೆಡಿಕಲ್ ಇಂಜಿನಿಯರಿಂಗಿನ ಹಳೆಯ ಪುಸ್ತಕವೊಂದರ ಕೊನೆಯ ಅಧ್ಯಾಯದಲ್ಲಿ ಅದೇ ಸಮೀಕರಣ ಮತ್ತೆ ಸಿಕ್ಕಿತು. ಅಲ್ಲಿ ತಂತಿಯ ಬದಲು ನರ ಇತ್ತು.

ಆ ಅಧ್ಯಾಯದಲ್ಲೇ ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ ಸಿಕ್ಕರು. ಈ ಇಬ್ಬರ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಯಾಕೆಂದರೆ ನಾನು ಈ ದಾರಿ ಹಿಡಿದದ್ದು ಇವರಿಂದ. ಸ್ಕ್ವಿಡ್ ಎಂಬ ಸಮುದ್ರಜೀವಿಗೆ ಅರ್ಧ ಮಿಲಿಮೀಟರಿಗೂ ದಪ್ಪನೆಯ ಒಂದು ನರತಂತು ಇರುತ್ತದೆ. ಬರಿಗಣ್ಣಿಗೆ ಕಾಣುವಂಥದ್ದು, ಒಳಗೆ ತಂತಿ ತೂರಿಸಬಹುದು. ಆ ತಂತುವಿನ ಪೊರೆಯ ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಟ್ಟು, ಎಷ್ಟು ಸೋಡಿಯಂ ಒಳಬಂತು, ಎಷ್ಟು ಪೊಟ್ಯಾಸಿಯಂ ಹೊರಹೋಯಿತು ಅಂತ ಅಳೆದರು. ಅದಕ್ಕೆ ಹೊಂದುವ ಸಮೀಕರಣಗಳನ್ನು 1952ರಲ್ಲಿ ಪ್ರಕಟಿಸಿದರು. ಆ ಸಮೀಕರಣದೊಳಗೆ ಗೇಟುಗಳಿವೆ. ಹೆಸರೇ ಗೇಟು. ಸೋಡಿಯಂ ಹಾದಿಗೆ ಬೇಗ ತೆರೆಯುವ ಮೂರು, ನಿಧಾನ ಮುಚ್ಚುವ ಒಂದು. ಪೊಟ್ಯಾಸಿಯಂ ಹಾದಿಗೆ ನಿಧಾನ ತೆರೆಯುವ ನಾಲ್ಕು. ಗ್ಯಾಂಗ್‌ಮನ್‌ನ ಮಗಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ವಿಚಿತ್ರ ಏನೆಂದರೆ ಆಗ ಅಂಥ ಗೇಟನ್ನು ಯಾರೂ ಕಂಡಿರಲಿಲ್ಲ. ಪೊರೆಯಲ್ಲಿನ ಅಂಥ ಒಂದೇ ಒಂದು ಹಾದಿಯ, ಅಂದರೆ ಚಾನೆಲ್ಲಿನ, ಮೂಲಕ ಹರಿಯುವ ಕರೆಂಟನ್ನು ನೆಹರ್ ಮತ್ತು ಸಾಕ್ಮನ್ ಅಳೆದು ತೋರಿಸಿದ್ದು 1976ರಲ್ಲಿ.

ಸಮೀಕರಣ ಬರೆದಾಯಿತು, ಬಿಡಿಸಬೇಕಲ್ಲ? ಕೇಂಬ್ರಿಜ್‌ನ ಕಂಪ್ಯೂಟರನ್ನು ಬದಲಾವಣೆಗೆಂದು ಆರು ತಿಂಗಳು ನಿಲ್ಲಿಸಿದ್ದರು. ಹಕ್ಸ್ಲಿ ಬ್ರುನ್ಸ್‌ವಿಗಾ ಎಂಬ, ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರ ಹಿಡಿದು ಕೂತರು. ನರದಗುಂಟ ಓಡುವ ಒಂದೇ ಒಂದು ಮಿಡಿತದ ಲೆಕ್ಕಕ್ಕೆ ಸುಮಾರು ಮೂರು ವಾರ ಹಿಡಿಯಿತು. ಆ ಲೆಕ್ಕದ ಪ್ರಕಾರ ಮಿಡಿತದ ವೇಗ ಸೆಕೆಂಡಿಗೆ 18.8 ಮೀಟರ್ ಇರಬೇಕು. ನಿಜವಾದ ನರದಲ್ಲಿ ಅಳೆದಾಗ 21.2 ಬಂತು. ನಮ್ಮೂರ ಅಂಬಾಸಿಡರಿನ ಸ್ಪೀಡೋಮೀಟರೂ ಇಷ್ಟು ಹತ್ತಿರ ತೋರಿಸುತ್ತಿರಲಿಲ್ಲ. 1963ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಇದನ್ನೇ ಮಾಡಬೇಕು ಅಂತ ಹಟ ಹಿಡಿದು, ಗೇಟ್ ಪ್ರವೇಶ ಪರೀಕ್ಷೆ ಬರೆದು, 2011ರಲ್ಲಿ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಗೆ ಪಿಎಚ್‌ಡಿಗೆ ಸೇರಿದೆ. ಫೆಲೋಶಿಪ್ ತಿಂಗಳಿಗೆ 16,000. ಬರುವ ತಿಂಗಳು ಬರುತ್ತಿತ್ತು. ಅಪ್ಪನಿಗೆ ನಾನು ಎಫ್‌ಡಿಎ ಪರೀಕ್ಷೆ ಕಟ್ಟಬೇಕೆಂಬ ಆಸೆ ಆಗಲೂ ಇತ್ತು, ಈಗಲೂ ಇದೆ.

ನನಗೆ ಸಿಕ್ಕ ವಿಷಯ ಡೆಂಡ್ರೈಟ್, ಅಂದರೆ ನರಕೋಶದ ಕವಲು. ನರಕೋಶವೆಂದರೆ ಬೇರು ಮೇಲಾದ ಗಿಡದಂತೆ. ಸಾವಿರಾರು ಕವಲುಗಳ ಮೇಲೆ ಬೇರೆ ಕೋಶಗಳ ಸಂದೇಶ ಬಂದು ಬೀಳುತ್ತದೆ. 1950ರ ದಶಕದಲ್ಲಿ ಬಹಳ ಜನ ಕೋಶವನ್ನು ಬರೀ ಒಂದು ಗುಂಡನ್ನಾಗಿ ನೋಡಿ ಲೆಕ್ಕ ಮಾಡುತ್ತಿದ್ದರು. ಕವಲುಗಳನ್ನು ಬಿಟ್ಟರೆ ಲೆಕ್ಕವೇ ತಪ್ಪುತ್ತದೆ ಅಂತ ಪಟ್ಟು ಹಿಡಿದವರು ಅಮೆರಿಕದ ವಿಲ್ಫ್ರಿಡ್ ರಾಲ್. ಅದೇ ಟೆಲಿಗ್ರಾಫ್ ಸಮೀಕರಣವನ್ನು ಕವಲೊಡೆದ ನರಕ್ಕೆ ಹೊಂದಿಸಿ, 1959ರಿಂದ ಒಂದಾದ ಮೇಲೊಂದು ಪೇಪರ್ ಬರೆದರು. ಎರಡು ಮೈಕ್ರಾನ್ ದಪ್ಪದ ಕವಲಿನಲ್ಲಿ, ಪೊರೆಯ ಸೋರಿಕೆ ಸಾಮಾನ್ಯವಾಗಿ ಹಿಡಿಯುವಷ್ಟೇ ಇದ್ದರೆ, ಒಂದು ಮಿಲಿಮೀಟರ್ ದಾಟುವ ಮೊದಲೇ ವೋಲ್ಟೇಜು ನೂರಕ್ಕೆ 37ಕ್ಕೆ ಇಳಿದಿರುತ್ತದೆ. ಕವಲಿನ ದಪ್ಪ ನಾಲ್ಕು ಪಟ್ಟು ಮಾಡಿದರೆ ಆ ದೂರ ಎರಡೇ ಪಟ್ಟು ಆಗುತ್ತದೆ. ಕಾಲುವೆ ಅಗಲ ಮಾಡಿ ಕೆಳಭಾಗಕ್ಕೆ ನೀರು ಮುಟ್ಟಿಸುತ್ತೇವೆ ಅನ್ನುವವರ ಭಾಷಣ ಕೇಳುವಾಗೆಲ್ಲ ನನಗೆ ಈ ವರ್ಗಮೂಲ ನೆನಪಾಗುತ್ತದೆ. ಎರಡೂ ಲೆಕ್ಕ ಒಂದೇ ಅಲ್ಲ, ಆದರೂ ನೆನಪಾಗುತ್ತದೆ.

ಈಗ 6.3ರ ಕಥೆ. ನಾವು ಬಳಸುವುದು ನ್ಯೂರಾನ್ ಅನ್ನುವ ಹೆಸರಿನದೇ ಒಂದು ಉಚಿತ ಸಾಫ್ಟ್‌ವೇರ್. ಅದರಲ್ಲಿ ಉಷ್ಣತೆ ಎಷ್ಟು ಅಂತ ನೀವು ಹೇಳದಿದ್ದರೆ ಅದು 6.3 ಡಿಗ್ರಿ ಸೆಲ್ಸಿಯಸ್ ಅಂತ ಹಿಡಿಯುತ್ತದೆ. ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ ತಮ್ಮ ಸಮೀಕರಣಗಳನ್ನು ಬರೆದದ್ದು ಆ ಉಷ್ಣತೆಗೆ. ಸ್ಕ್ವಿಡ್ಡಿಗೆ ಅದು ಸರಿ. ನಾನು ಮಾಡುತ್ತಿದ್ದದ್ದು ಇಲಿಯ ಹಿಪೊಕ್ಯಾಂಪಸ್, ಅಂದರೆ ಮಿದುಳಿನಲ್ಲಿ ನೆನಪಿಗೆ ಬೇಕಾದ ಭಾಗ; ಅದಕ್ಕೆ 35ರ ಆಸುಪಾಸು ಬೇಕು. ಒಂದೊಂದೇ ಓಡಿಸುತ್ತಿದ್ದ ಸಿಮ್ಯುಲೇಷನ್‌ಗಳನ್ನು ಕ್ಲಸ್ಟರಿನಲ್ಲಿ ಸಾವಿರಗಟ್ಟಲೆ ಓಡಿಸಲು ಹೊಸ ಫೈಲು ಬರೆದೆ. ಹಳೆಯದರಲ್ಲಿದ್ದ ಉಷ್ಣತೆಯ ಸಾಲು ಹೊಸದಕ್ಕೆ ಬರಲಿಲ್ಲ. ಒಂದೇ ಒಂದು ಸಾಲು. ಎಂಟು ತಿಂಗಳು ನನ್ನ ಇಲಿಯ ನರಕೋಶ ಫ್ರಿಜ್‌ನಲ್ಲಿ ಕೂತು ಲೆಕ್ಕ ಮಾಡಿತು.

ಹತ್ತು ಡಿಗ್ರಿ ಏರಿದರೆ ಗೇಟುಗಳ ವೇಗ ಸುಮಾರು ಮೂರು ಪಟ್ಟು ಆಗುತ್ತದೆ. ಆರರಿಂದ ಮೂವತ್ತಾರಕ್ಕೆ ಅಂದರೆ 27 ಪಟ್ಟು. ನನ್ನ ಗೇಟುಗಳು ಹೆಚ್ಚುಕಡಿಮೆ ಅಷ್ಟು ನಿಧಾನ ಆಗಿದ್ದವು. ಹಾಗಾಗಿ ಎರಡು ಸಂದೇಶಗಳು ಬಹಳ ಹಿಂದೆಮುಂದೆ ಬಂದರೂ ಅದ್ಭುತವಾಗಿ ಕೂಡಿಕೊಳ್ಳುತ್ತಿದ್ದವು. ಇದು ಹೊಸ ಸಂಗತಿ ಅಂದುಕೊಂಡೆ. ಇಲಿ ನೆನಪಿಟ್ಟುಕೊಳ್ಳುವುದಕ್ಕೂ ಇದಕ್ಕೂ ಒಂದು ಸಂಬಂಧ ಕಟ್ಟಿ ಪೋಸ್ಟರ್ ಮಾಡಿದೆ. ಪೋಸ್ಟರಿನ ಮುಂದೆ ನಿಂತು ಜನ ಫೋಟೊ ತೆಗೆದುಕೊಂಡರು. ವಕ್ರರೇಖೆಗಳು ಸೊಂಪಾಗಿ, ಸೋಮಾರಿಯಾಗಿ ಇಳಿಯುತ್ತಿದ್ದದ್ದನ್ನು ದಿನಾ ನೋಡುತ್ತಿದ್ದೆ. ಅವು ಚೆಂದ ಕಾಣುತ್ತಿದ್ದವು, ಅಷ್ಟೇ. ಕೊನೆಗೆ ಬೇಸಿಗೆ ಇಂಟರ್ನ್‌ಶಿಪ್ಪಿಗೆ ಬಂದ ಎಂಎಸ್ಸಿ ಹುಡುಗನೊಬ್ಬ ನನ್ನ ಫೈಲು ಓದುತ್ತಾ, "ಅಕ್ಕಾ, ಇದರಲ್ಲಿ ಟೆಂಪರೇಚರ್ ಎಲ್ಲಿ ಹಾಕಿದ್ದೀರಿ?" ಅಂತ ಕೇಳಿದ. ಮೇ ತಿಂಗಳು. ಊರಲ್ಲಿ 43 ಡಿಗ್ರಿ ಅಂತ ಬೆಳಿಗ್ಗೆಯಷ್ಟೇ ಅವ್ವ ಫೋನಿನಲ್ಲಿ ಹೇಳಿದ್ದಳು.

35 ಹಾಕಿ ಓಡಿಸಿದೆ. ಹೊಸ ಸಂಗತಿ ಮಾಯ. ಸಮ್ಮೇಳನಕ್ಕೆ ಕಳಿಸಿದ್ದ ಅಬ್‌ಸ್ಟ್ರಾಕ್ಟ್ ವಾಪಸ್ ತಗೊಂಡೆವು. ಗೈಡ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಹಲವು ವಾರ ಅನ್ನಿಸುತ್ತಿತ್ತು. ತಪ್ಪು ಪೂರ್ತಿ ನನ್ನದು. ಉಷ್ಣತೆ ಹೇಳಬೇಕೆಂದು ಕೈಪಿಡಿಯಲ್ಲಿ ಬರೆದೇ ಇದೆ.

ಅಪ್ಪನಿಗೆ ಫೋನಿನಲ್ಲಿ ಇದನ್ನು ಹೇಳುವುದು ಹೇಗೆ? ಅಳತೆಯಲ್ಲಿ ತಪ್ಪಾಯಿತು, ಎಂಟು ತಿಂಗಳ ಕೆಲಸ ಹೋಯಿತು ಅಂದೆ. ಅಪ್ಪ ತನ್ನದೊಂದು ಹೇಳಿದ. ಒಂದು ವರ್ಷ ಗೇಜ್ ಪಟ್ಟಿಯ ಮೊಳೆ ಸಡಿಲಾಗಿ ಪಟ್ಟಿ ಮೂರು ಬೆರಳು ಕೆಳಗೆ ಜಾರಿತ್ತಂತೆ. ಪಟ್ಟಿ ಕೆಳಗಿಳಿದರೆ ನೀರು ಹೆಚ್ಚು ತೋರಿಸುತ್ತದೆ. ಇವನು ಹೆಚ್ಚಿಗೆ ಬರೆದ, ಆಫೀಸಿನವರು ಮೇಲೆ ಗೇಟ್ ಇಳಿಸಿದರು, ಕೆಳಗಿನ ರೈತರು ಬಂದು ಕೊರಳಪಟ್ಟಿ ಹಿಡಿದರು. "ಪುಸ್ತಕದಾಗ ನೀರು ಇತ್ತು. ಹೊಲದಾಗ ಇರಲಿಲ್ಲ" ಅಂದ. ಆಮೇಲೆ ಏನು ಮಾಡಿದಿ ಅಂದೆ. "ಪಟ್ಟಿ ಮಗ್ಗಲಿಗೆ ಕಲ್ಲಿನ ಮ್ಯಾಲೆ ಉಳಿಯಿಂದ ಒಂದು ಗೀಟು ಹೊಡದೆ. ದಿನಾ ಮೊದಲ ಗೀಟು ನೋಡೋದು, ಆಮ್ಯಾಲೆ ಗೇಜು." ಅಂದಿನಿಂದ ನನ್ನ ಪ್ರತಿ ಫೈಲಿನ ಮೊದಲ ಸಾಲು ಉಷ್ಣತೆಯದು. ಆ ಸಾಲಿನ ಮುಂದೆ ಕಾಮೆಂಟಿನಲ್ಲಿ 'ಗೀಟು' ಅಂತ ಬರೆದಿರುತ್ತೇನೆ. ಜರ್ಮನಿಯ ಲ್ಯಾಬಿನಲ್ಲಿ ಅದೇನು ಪದ ಅಂತ ಒಬ್ಬರು ಕೇಳಿದ್ದರು.

2017ರಿಂದ ನಾಲ್ಕು ವರ್ಷ ಜರ್ಮನಿಯಲ್ಲಿ ಪೋಸ್ಟ್‌ಡಾಕ್. ಅದರ ಬಗ್ಗೆ ಹೇಳುವಂಥದ್ದು ಬಹಳಿಲ್ಲ. ಚಳಿ ಇತ್ತು, ಕೆಲಸ ಚೆನ್ನಾಗಿತ್ತು, ಮೂರು ಪೇಪರ್ ಬಂದವು, ಜೋಳದ ರೊಟ್ಟಿ ತಟ್ಟುವುದನ್ನು ಅಲ್ಲಿ ಕಲಿತೆ.

ವಾಪಸ್ ಬರುವುದೇ ಕಷ್ಟದ ಭಾಗ. ಒಬ್ಬ ಗೈಡ್ ತನ್ನ ಸರ್ವೀಸಿನಲ್ಲಿ ಹತ್ತು ಹದಿನೈದು ಜನಕ್ಕೆ ಪಿಎಚ್‌ಡಿ ಮಾಡಿಸಿದರೆ, ನಿವೃತ್ತರಾದಾಗ ಖಾಲಿಯಾಗುವುದು ಒಂದೇ ಕುರ್ಚಿ. ಈ ಲೆಕ್ಕಕ್ಕೆ ಸಿಮ್ಯುಲೇಷನ್ ಬೇಡ. ನಮ್ಮ ದೇಶದಲ್ಲಿ ಈ ಕೆಲಸ ಗಟ್ಟಿಯಾಗಿ ನಡೆಯುವ ಜಾಗಗಳು ಕಡಿಮೆ. ಬೆಂಗಳೂರಿನ ಎನ್‌ಸಿಬಿಎಸ್, ಭಾರತೀಯ ವಿಜ್ಞಾನ ಸಂಸ್ಥೆ, ಮಾನೇಸರದ ಎನ್‌ಬಿಆರ್‌ಸಿ, ಪುಣೆಯ ಐಸರ್, ಇನ್ನು ಕೆಲವು. ಉಳಿದ ಕಡೆ ಅರ್ಜಿ ಹಾಕಿದರೆ ನನ್ನ ಜಾತಿಯೇ ತಿಳಿಯುತ್ತಿರಲಿಲ್ಲ, ವಿಷಯದ ಜಾತಿ. ಒಂದು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದವರು ನೀವು ಬಿಇ, ಜೀವಶಾಸ್ತ್ರದ ಡಿಗ್ರಿ ಎಲ್ಲಿದೆ ಅಂದರು. ಇನ್ನೊಂದು ಕಡೆ ಎಲೆಕ್ಟ್ರಾನಿಕ್ಸ್‌ನವರು ನಿಮ್ಮ ಪಿಎಚ್‌ಡಿ ಇಲಿಯ ಮೇಲಿದೆಯಲ್ಲ ಅಂದರು. ದಾಖಲೆ ಪರಿಶೀಲನೆಯ ಟೇಬಲಿನಲ್ಲಿ ಗುಮಾಸ್ತರೊಬ್ಬರು ಸ್ಕೇಲು ಇಟ್ಟು ವಿಷಯಗಳ ಪಟ್ಟಿಯನ್ನು ಸಾಲುಸಾಲಾಗಿ ಇಳಿದು, ಕೊನೆಯ ಪುಟ ಮುಟ್ಟಿ, ಮತ್ತೆ ಮೊದಲಿನಿಂದ ಇಳಿದು, "ಇಲ್ಲ ಮೇಡಂ" ಅಂದರು. ಪಾಪ, ಎರಡು ಸಲ ಹುಡುಕಿದರು. ಆ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಕೂತು ಅತ್ತೆ. ಸಿಟ್ಟು ಇನ್ನೂ ಪೂರ್ತಿ ಆರಿಲ್ಲ. ಎರಡು ವಿಷಯದ ನಡುವೆ ಓದಿದವರು ಬೇಕು ಅಂತ ಎಲ್ಲ ಭಾಷಣಗಳಲ್ಲೂ ಹೇಳುತ್ತಾರೆ; ರೋಸ್ಟರಿನಲ್ಲಿ ಆ ನಡುವಿಗೆ ಒಂದು ಸಾಲು ಬರೆದವರಿಲ್ಲ.

ಈಗ ರಾಯಚೂರಿನಲ್ಲೇ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿದ್ದೇನೆ. ವಾರಕ್ಕೆ 16 ಗಂಟೆ ಪಾಠ, ಉಳಿದದ್ದು ನ್ಯಾಕ್ ಫೈಲು. 2024ರಲ್ಲಿ ಕೃತಕ ನರಜಾಲಗಳ ಕೆಲಸಕ್ಕೆ ಹಾಪ್‌ಫೀಲ್ಡ್ ಮತ್ತು ಹಿಂಟನ್ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂದ ದಿನ ಸ್ಟಾಫ್‌ರೂಮಿನಲ್ಲಿ ನನಗೆ ಅಭಿನಂದನೆ ಹೇಳಿ ಪೇಡಾ ಕೇಳಿದರು. ಯಾಕೆ ಅಂತ ಕೇಳದೆ ತರಿಸಿಕೊಟ್ಟೆ. ನಮ್ಮ ವಿಷಯಕ್ಕೆ ಒಂದು ಪುಣ್ಯ ಇದೆ: ಇಲಿ ಬೇಡ, ಮೈಕ್ರೋಸ್ಕೋಪ್ ಬೇಡ. ಪ್ರಕಟವಾದ ಮಾದರಿಗಳ ಕೋಡ್ ಮಾಡೆಲ್‌ಡಿಬಿ ಅನ್ನುವ ಭಂಡಾರದಲ್ಲಿ ಪುಕ್ಕಟೆ ಸಿಗುತ್ತದೆ. ಒಂದು ಲ್ಯಾಪ್‌ಟಾಪು, ಒಂದು ಇನ್ವರ್ಟರ್ ಇದ್ದರೆ ಸಾಕು. ಇನ್ವರ್ಟರ್ ಯಾಕೆಂದರೆ ಶಕ್ತಿನಗರದ ಥರ್ಮಲ್ ನಮ್ಮಿಂದ ಇಪ್ಪತ್ತು ಕಿಲೋಮೀಟರಿನಲ್ಲಿದ್ದರೂ ಕರೆಂಟು ಬೇರೆ ಕಡೆ ಹೋಗುತ್ತದೆ. ಸಂಜೆ ನಾಲ್ಕೈದು ಹುಡುಗರು ಉಳಿದುಕೊಂಡು ಹಾಡ್ಜ್‌ಕಿನ್-ಹಕ್ಸ್ಲಿ ಓಡಿಸುತ್ತಾರೆ. ಉಷ್ಣತೆಯನ್ನು ರಾಯಚೂರಿನ ಮೇ ತಿಂಗಳಿಗೆ ಏರಿಸಿ ಅನ್ನುತ್ತೇನೆ. ಮೂವತ್ತು ದಾಟಿ ಏರಿದಂತೆ ಮಿಡಿತ ಕುಗ್ಗಿ ಕುಗ್ಗಿ ಕೊನೆಗೆ ಇಲ್ಲವಾಗುತ್ತದೆ. ಸ್ಕ್ವಿಡ್ ನಮ್ಮೂರಲ್ಲಿ ಬದುಕುವುದಿಲ್ಲ. ಅವರು ನಗುತ್ತಾರೆ, ಆಮೇಲೆ ಪ್ಯಾಕೇಜ್ ಎಷ್ಟು ಅಂತ ಕೇಳುತ್ತಾರೆ.

ಹೋದ ಮಳೆಗಾಲದಲ್ಲಿ ಕಾಲೇಜಿನ ಒಂದು ಉಪನ್ಯಾಸಕ್ಕೆ ಸ್ಲೈಡು ಮಾಡುತ್ತಾ ಊರಲ್ಲಿ ಕೂತಿದ್ದೆ. ಹತ್ತು ವರ್ಷದಿಂದ ಎಲ್ಲ ಕಡೆ ಹೇಳಿಕೊಂಡು ಬಂದದ್ದೇ: ಡೆಂಡ್ರೈಟ್ ಅಂದರೆ ಕಾಲುವೆ, ಬೇರೆ ಕೋಶದ ಸಂದೇಶ ಬಂದು ಬೀಳುವ ಜಾಗ, ಸಿನಾಪ್ಸ್, ಅಂದರೆ ತೂಬು, ಟೇಲ್‌ಎಂಡಿಗೆ ಹೋದಂತೆ ಸೋರಿಕೆ. ಜರ್ಮನಿಯಲ್ಲೂ ಇದಕ್ಕೆ ಚಪ್ಪಾಳೆ ಬಿದ್ದಿತ್ತು. ಅಪ್ಪ ಹಿಂದೆ ನಿಂತು ಚಿತ್ರ ನೋಡಿದ.

"ನೀರು ಯಾ ಕಡಿಂದ ಯಾ ಕಡಿಗಿ ಹೋಗ್ತದ?"

ಕವಲಿನ ತುದಿಯಿಂದ ಕೋಶದ ನಡುವಿನ ಗುಂಡನೆಯ ಭಾಗಕ್ಕೆ ಅಂತ ತೋರಿಸಿದೆ.

"ಸಣ್ಣದರಿಂದ ದೊಡ್ಡದಕ್ಕ?"

ಹೌದು ಅಂದೆ.

"ಹಂಗಿದ್ರ ಅದು ಕಾಲುವಿ ಹೆಂಗ ಆಗ್ತದವ್ವಾ? ಹಳ್ಳ ಅದು."

ಅನಕ್ಷರಸ್ಥ ಅಪ್ಪ ಪಂಡಿತ ಮಗಳಿಗೆ ಬುದ್ಧಿ ಹೇಳುವ ಕಥೆಗಳು ನನಗೆ ಮೊದಲಿನಿಂದಲೂ ಸೇರುವುದಿಲ್ಲ. ಅಪ್ಪ ಅನಕ್ಷರಸ್ಥನೂ ಅಲ್ಲ, ಏಳನೇ ಇಯತ್ತೆ ಪಾಸಾದವನು. ಆದರೆ ಇಷ್ಟು ವರ್ಷ ನಾನು ಹರಿವಿನ ದಿಕ್ಕನ್ನೇ ತಿರುಗಿಸಿ ಹೇಳುತ್ತಿದ್ದೆ ಅನ್ನುವುದಂತೂ ನಿಜ. ಕಾಲುವೆ ಹಂಚುತ್ತದೆ, ಹಳ್ಳ ಕೂಡಿಸಿಕೊಳ್ಳುತ್ತದೆ. ಸೋರಿಕೆಯ ಲೆಕ್ಕ ಹೊಂದುತ್ತದೆ ಅಂತ ಉಳಿದದ್ದು ನನಗೆ ಕಂಡಿರಲಿಲ್ಲ. ನಮ್ಮೂರಿನ ಟೇಲ್‌ಎಂಡಿನ ಸಿಟ್ಟನ್ನೂ ಅದರಲ್ಲಿ ಸೇರಿಸಿದ್ದೆನೇನೋ. ನರಕೋಶದಲ್ಲಿ ಟೇಲ್‌ಎಂಡು ನೀರಿಗೆ ಕಾಯುವ ಜಾಗ ಅಲ್ಲ, ನೀರು ಹೊರಡುವ ಜಾಗ. 2000ರಲ್ಲಿ ಜೆಫ್ರಿ ಮ್ಯಾಗೀ ಮತ್ತು ಎರಿಕ್ ಕುಕ್ ಇಲಿಯ ಹಿಪೊಕ್ಯಾಂಪಸ್‌ನ ಸಿಎ1 ಎಂಬ ಭಾಗದ ಕೋಶಗಳಲ್ಲಿ ಅಳೆದು ತೋರಿಸಿದ್ದರು: ದೂರದ ಸಿನಾಪ್ಸ್‌ಗಳು ಹತ್ತಿರದವಕ್ಕಿಂತ ಬಲವಾಗಿರುತ್ತವೆ, ಹಾಗಾಗಿ ನಡುವಿಗೆ ಬಂದು ಮುಟ್ಟುವಾಗ ದೂರದ್ದೂ ಹತ್ತಿರದ್ದೂ ಹೆಚ್ಚುಕಡಿಮೆ ಸಮ. ಎಲ್ಲ ಬಗೆಯ ಕೋಶಗಳಲ್ಲೂ ಹೀಗಿಲ್ಲ. ಈ ಪೇಪರನ್ನು ನಾನು ಎಷ್ಟು ಸಲ ಓದಿದ್ದೇನೋ.

ಅಪ್ಪ ಅಷ್ಟಕ್ಕೆ ಬಿಡಲಿಲ್ಲ. ನಮ್ಮೂರ ಹಳ್ಳದ ಮಾತು ತೆಗೆದ. ಮಳೆ ಮೊದಲು ಮೇಲೆ, ದೂರದಲ್ಲಿ ಬಿದ್ದು, ಆಮೇಲೆ ಕೆಳಗೆ ಊರ ಹತ್ತಿರ ಬಿದ್ದರೆ ಎರಡೂ ನೀರು ಒಂದೇ ಹೊತ್ತಿಗೆ ಬಂದು ಕೂಡುತ್ತವೆ. "ಅವತ್ತು ಹಳ್ಳ ದಾಟಬಾರ್ದು. ಕೆಳಗ ಮೊದಲು ಬಿದ್ದು ಆಮ್ಯಾಲೆ ಮ್ಯಾಲೆ ಬಿದ್ರ, ಇಲ್ಲಿದ್ದು ಹರಿದು ಹೋಗಿರ್ತದ, ಅಲ್ಲಿದ್ದು ಹಿಂದಿಂದ ಬರ್ತದ. ಬಂಡಿ ಹಾಯಸ್ಬಹುದು."

ನಾನು ಸುಮ್ಮನೆ ಕೂತೆ. ಇದು ರಾಲ್ ಅವರ 1964ರ ಫಲಿತಾಂಶ. ಸಂದೇಶಗಳು ಕವಲಿನ ತುದಿಯಿಂದ ಶುರುವಾಗಿ ನಡುವಿನ ಕಡೆಗೆ ಒಂದಾದ ಮೇಲೊಂದು ಬಿದ್ದರೆ ವೋಲ್ಟೇಜು ಎತ್ತರಕ್ಕೆ ಏರುತ್ತದೆ. ಅವೇ ಸಂದೇಶಗಳು ಉಲ್ಟಾ ಬಿದ್ದರೆ ತಗ್ಗಾಗಿ, ಉದ್ದಕ್ಕೆ ಹರಡುತ್ತದೆ. ಲೆಕ್ಕದಲ್ಲಿದ್ದ ಈ ಮಾತು ಮಿದುಳಿನ ಹೊರಪದರವಾದ ಕಾರ್ಟೆಕ್ಸ್‌ನ ನಿಜವಾದ ಕೋಶದಲ್ಲೂ ನಡೆಯುತ್ತದೆ ಅಂತ ಬ್ರಾಂಕೊ, ಕ್ಲಾರ್ಕ್, ಹೌಸರ್ ತೋರಿಸಿದ್ದು 2010ರಲ್ಲಿ.

ಲ್ಯಾಪ್‌ಟಾಪಿನಲ್ಲಿ ಎರಡು ವಕ್ರರೇಖೆ ಓಡಿಸಿ ತೋರಿಸಿದೆ. ಅಪ್ಪ ಕನ್ನಡಕ ಹುಡುಕಿ ಹಾಕಿಕೊಂಡು, ಪರದೆಗೆ ಮೂಗು ಹತ್ತಿಸಿ ನೋಡಿದ. ನಿಂತ ಗೆರೆಯ ಮೇಲೆ ಬೆರಳಿಟ್ಟು, "ಇದು ಗೇಜು" ಅಂದ. ಮಲಗಿದ ಗೆರೆಯ ಮೇಲೆ ಬೆರಳಿಟ್ಟು, "ಇದು ತಾಸೇನು?"

"ತಾಸಲ್ಲ ಯಪ್ಪಾ. ಸೆಕೆಂಡಿನ ಸಾವಿರದಾಗ ಒಂದು ಪಾಲು."

"ಅಷ್ಟ್ರಾಗ ಯಾರು ಬರಕೊಳ್ತಾರ?" ಅಂದ ಅಪ್ಪ.